ಮೊರಿಯೆನ್ ಲೈನಿನ 2ಸಿಸಿ2 3400 ಮಾಡೆಲ್: ಏರು ಮುಗಿಯುವ ಜಾಗದಲ್ಲೇ ಹಳಿ ತಪ್ಪುತ್ತಿದೆ, ಸಹಾಯ ಬೇಕು

ಘಾಟ್‌ಲೈನ್:
ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ಪಿಎಲ್‌ಎಂ ಕಂಪನಿಯ ಹಳೆಯ ಎಲೆಕ್ಟ್ರಿಕ್ ಎಕ್ಸ್‌ಪ್ರೆಸ್ ಎಂಜಿನ್ 2ಸಿಸಿ2 3400 ಗೊತ್ತಿರಬಹುದು. ಪಿಎಲ್‌ಎಂ ಕಾಲದಲ್ಲಿ ಅದರ ಹೆಸರು 262 ಎಇ. ಆಲ್ಪ್ಸ್ ಬೆಟ್ಟದ ಶಾಂಬೇರಿ–ಮೊದಾನ್ ಲೈನಿಗಾಗಿ, ಅಂದರೆ ಮೊರಿಯೆನ್ ಕಣಿವೆಯ ಲೈನಿಗಾಗಿ ಮಾಡಿದ್ದು. ಅದರ ಎಚ್‌ಒ ಸ್ಕೇಲ್ (ಅಸಲಿಯ 87ನೇ ಒಂದು ಅಳತೆ) ಹಿತ್ತಾಳೆ ಕಿಟ್ ಕಟ್ಟಿ ಮುಗಿಸಿದ್ದೇನೆ. ನನ್ನ ಮಾಡೆಲ್ ರೈಲಿನ ಲೇಔಟ್‌ನಲ್ಲಿ ಮೊದಾನ್ ಸ್ಟೇಷನ್ನಿನ ಒಂದು ಭಾಗ ಇದೆ. ಅಲ್ಲಿಗೆ ಹತ್ತುವ ಏರು ಒಂದು ಮೀಟರ್‌ಗೆ 3 ಸೆಂ.ಮೀ., ಅಸಲಿ ಲೈನಿನಲ್ಲಿ ಇರುವ ಹಾಗೇ.

ಸಮತಟ್ಟಿನಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ. ತೊಂದರೆ ಮೂರು. ಏರು ಶುರುವಾಗುವಲ್ಲಿ ಗಾಲಿ ಜಾರಿ ನಿಂತಲ್ಲೇ ಸುತ್ತುತ್ತದೆ. ಹೇಗೋ ಹತ್ತಿದರೆ, ಏರು ಮುಗಿದು ಸ್ಟೇಷನ್ನಿನ ತಿರುವು ಬರುವಲ್ಲಿ ಮುಂದಿನ ಪೈಲಟ್ ಟ್ರಕ್ (ಎಳೆಯುವ ಗಾಲಿಗಳ ಮುಂದಿರುವ ಪುಟ್ಟ ಗಾಲಿಗಳ ಚೌಕಟ್ಟು) ಹಳಿ ಬಿಟ್ಟು ಹೊರಗೆ ಹೋಗುತ್ತದೆ. ಇಳಿಯುವಾಗ ಮಾತ್ರ ಹಳಿ ತಪ್ಪುವುದಿಲ್ಲ. ಇನ್ನು ಯಾರ್ಡ್‌ನ ಬಿಗಿ ತಿರುವಿನಲ್ಲಿ ಒಮ್ಮೊಮ್ಮೆ ಕಿಡಿ ಹಾರಿ ಕಂಟ್ರೋಲರ್ ಟ್ರಿಪ್ ಆಗುತ್ತದೆ. ಹಳಿ ಒರೆಸಿದ್ದೇನೆ, ಗಾಲಿಯೂ ಸ್ವಚ್ಛವಾಗಿದೆ. ಎಲ್ಲಿಂದ ಹುಡುಕಲಿ?

ಹಳಿಸ್ನೇಹಿ:
ಒಳ್ಳೆಯ ಎಂಜಿನ್ ಆರಿಸಿದ್ದೀರಿ! ಮೊದಲು ಮೂರು ವಿಷಯ ಹೇಳಿ. ಪೈಲಟ್ ಟ್ರಕ್ಕನ್ನು ಬೆರಳಲ್ಲಿ ಮೇಲೆ ಕೆಳಗೆ ಅಲ್ಲಾಡಿಸಿದರೆ ಎಷ್ಟು ಆಡುತ್ತದೆ? ಗಾಲಿಗಳ ಒಳಮುಖದ ನಡುವೆ ಎಷ್ಟು ಅಂತರ ಇದೆ? 14.3ರಿಂದ 14.4 ಮಿ.ಮೀ. ಇರಬೇಕು. ಕರೆಂಟ್ ಯಾವ ಗಾಲಿಗಳಿಂದ ಬರುತ್ತದೆ?

ಘಾಟ್‌ಲೈನ್:
ಒಳ ಅಂತರ ಎಲ್ಲಾ ಗಾಲಿಯಲ್ಲೂ 14.3. ಟ್ರಕ್ ಪಕ್ಕಕ್ಕೆ ಚೆನ್ನಾಗಿ ತಿರುಗುತ್ತದೆ, ಆದರೆ ಮೇಲೆ ಕೆಳಗೆ ಆಡುವುದೇ ಇಲ್ಲ. ಕಿಟ್‌ನಲ್ಲಿ ಬಂದ ಸ್ಕ್ರೂ ಅದನ್ನು ಫ್ರೇಮಿಗೆ ಒತ್ತಿ ಹಿಡಿಯುತ್ತದೆ. ಕರೆಂಟ್ ಮುಂದಿನ ಅರ್ಧಕ್ಕೆ ಎಡ ಹಳಿಯಿಂದ, ಹಿಂದಿನ ಅರ್ಧಕ್ಕೆ ಬಲ ಹಳಿಯಿಂದ.

ಹಳಿಸ್ನೇಹಿ:
ಹಾಗಾದರೆ ಮೊದಲ ಎರಡೂ ತೊಂದರೆಗೆ ಕಾರಣ ಒಂದೇ. ಆ ಸ್ಕ್ರೂ.

ಈ ಎಂಜಿನ್ ಒಂದೇ ತುಂಡಲ್ಲ ಅಲ್ವಾ. ಕೆಳಗೆ ಎರಡು ಅರ್ಧಗಳಿವೆ. ಪ್ರತಿ ಅರ್ಧದಲ್ಲೂ ಹೊರತುದಿಗೆ ಎರಡು ಆಕ್ಸಲ್‌ನ ಪೈಲಟ್ ಟ್ರಕ್, ಅದರ ಒಳಬದಿಗೆ ಮೂರು ಎಳೆಯುವ ಆಕ್ಸಲ್. ಒಟ್ಟು ಹತ್ತು ಆಕ್ಸಲ್, ಎಳೆಯುವುದು ಆರು ಮಾತ್ರ. ಮುಂದಿನ ಟ್ರಕ್ ಇರುವುದು ಎಂಜಿನ್ನನ್ನು ತಿರುವಿನೊಳಗೆ ಮೆಲ್ಲಗೆ ಕರೆದುಕೊಂಡು ಹೋಗಲು. ಆ ಕೆಲಸ ಮಾಡಬೇಕಾದರೆ ಅದು ತನ್ನಷ್ಟಕ್ಕೆ ಹಳಿಯ ಏರಿಳಿತ ಹಿಡಿಯಬೇಕು.

ಈಗ ಏರಿನ ತುದಿಯನ್ನು ಯೋಚಿಸಿ. ಮೂರು ಎಳೆಯುವ ಆಕ್ಸಲ್‌ಗಳು ಇನ್ನೂ ಏರಿನ ಮೇಲಿವೆ, ಆದ್ದರಿಂದ ಫ್ರೇಮಿನ ಮೂತಿ ಮೇಲಕ್ಕೆ ನೋಡುತ್ತಿದೆ. ಪೈಲಟ್ ಟ್ರಕ್ ಆಗಲೇ ಸಮತಟ್ಟಿನ ಮೇಲೆ ಬಂದಿದೆ. ಅದರ ಮೊದಲ ಗಾಲಿ ಎಳೆಯುವ ಮೊದಲ ಗಾಲಿಗಿಂತ 5 ಸೆಂ.ಮೀ. ಮುಂದಿದ್ದರೆ ಹಳಿಯಿಂದ 1.5 ಮಿ.ಮೀ. ಮೇಲೆ ತೇಲುತ್ತದೆ. ನಮ್ಮ ಗಾಲಿಯ ಫ್ಲೇಂಜ್ (ಗಾಲಿಯನ್ನು ಹಳಿಯ ಮೇಲೆ ಹಿಡಿದಿಡುವ ಅಂಚು) ಆಳವೇ ಸುಮಾರು 1 ಮಿ.ಮೀ. ಅಲ್ಲಿ ತಿರುವೂ ಇದ್ದರೆ ಟ್ರಕ್ ನೇರ ಹೊರಗೆ. ಇಳಿಯುವಾಗಲೂ ಮುಂದಿನ ಟ್ರಕ್ ತೇಲುತ್ತದೆ, ಆದರೆ ಆಗ ಅದರ ಕೆಳಗೆ ನೇರ ಹಳಿ ಇದೆ. ಅದಕ್ಕೇ ಬಚಾವು.

ಏರಿನ ಬುಡದಲ್ಲಿ ಇದರ ತಿರುಗುಮುರುಗು. ಟ್ರಕ್ ಮೊದಲು ಏರು ಹತ್ತಿ ಫ್ರೇಮಿನ ಮೂತಿಯನ್ನು ಎತ್ತಿಬಿಡುತ್ತದೆ. ಎಳೆಯುವ ಗಾಲಿಗಳ ಮೇಲಿನ ಭಾರ ಹೋಗಿ ಅವು ಜಾರುತ್ತವೆ. ಎಂಜಿನ್ನನ್ನು ಅಲ್ಲಿ ನಿಲ್ಲಿಸಿ ಒಂದೊಂದು ಗಾಲಿಯ ಕೆಳಗೂ ತೆಳ್ಳನೆ ಕಾಗದ ತೂರಿಸಿ ನೋಡಿ. ಕಾಗದ ಸರಾಗವಾಗಿ ಹೊರಬಂದ ಗಾಲಿ ಹಳಿ ಮುಟ್ಟಿಲ್ಲ ಎಂದೇ ಅರ್ಥ.

ಪರಿಹಾರ: ಸ್ಕ್ರೂ ಬದಲು ಭುಜ ಇರುವ ಸ್ಕ್ರೂ ಹಾಕಿ, ಟ್ರಕ್ ಮೇಲೆ ಕೆಳಗೆ 2 ಮಿ.ಮೀ. ಆಡುವಂತೆ ಬಿಡಿ. ಮೇಲೆ ತುಂಬಾ ಮೆದು ಸ್ಪ್ರಿಂಗ್ ಇಡಿ. ಬಾಲ್‌ಪೆನ್ ಸ್ಪ್ರಿಂಗ್ ಜಾಸ್ತಿ ಗಟ್ಟಿ, ಬೇಡ. ಸ್ಪ್ರಿಂಗ್ ಬಲವಾದರೆ ಮತ್ತೆ ಎಳೆಯುವ ಗಾಲಿಗಳ ಭಾರ ಕದಿಯುತ್ತದೆ.

ಕಂಬಿಪ್ರಿಯ:
ಹಳಿಸ್ನೇಹಿ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಏರಿಗೆ ಒಮ್ಮೆಲೇ ಮಡಿಕೆ ಕೊಡಬೇಡಿ. ಮಾಡೆಲ್ ಉದ್ದ ಸುಮಾರು 27 ಸೆಂ.ಮೀ. ಇರಬೇಕು, ಅಸಲಿ ಎಂಜಿನ್ ಸುಮಾರು 24 ಮೀಟರ್. ಬುಡದಲ್ಲಿ ಮೊದಲ 30 ಸೆಂ.ಮೀ.ಗೆ ಮೀಟರಿಗೆ 1 ಸೆಂ.ಮೀ. ಏರು, ಮುಂದಿನ 30ಕ್ಕೆ 2, ಆಮೇಲೆ 3. ತುದಿಯಲ್ಲೂ ಹಾಗೇ ಇಳಿಸಿಕೊಂಡು ಬನ್ನಿ. ಹಳಿಯ ಕೆಳಗೆ ಕಾರ್ಡ್‌ಬೋರ್ಡ್ ಪಟ್ಟಿ ಸಾಕು. ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಮಡಿಕೆ ಕಣ್ಣಿಗೇ ಕಾಣುತ್ತದೆ.

ಕಿಡಿಯ ವಿಷಯ. ನಿಮ್ಮ ಎರಡು ಅರ್ಧಗಳ ಹಿತ್ತಾಳೆ ಫ್ರೇಮುಗಳು ಬೇರೆ ಬೇರೆ ಹಳಿಗೆ ಸೇರಿವೆ. ಬಿಗಿ ತಿರುವಿನಲ್ಲಿ ಒಳಗಿನ ಮೂಲೆಗಳು ಒಂದಕ್ಕೊಂದು ತಾಗಿದರೆ ನೇರ ಶಾರ್ಟ್. ಎಂಜಿನ್ನನ್ನು ಆ ತಿರುವಿನಲ್ಲಿ ಇಡಿ, ಕಂಟ್ರೋಲರ್ ತಂತಿ ಬಿಚ್ಚಿ, ಮಲ್ಟಿಮೀಟರ್ ಬೀಪ್‌ಗೆ ಹಾಕಿ, ಎರಡು ಫ್ರೇಮಿಗೂ ಮುಟ್ಟಿಸಿ. ಮೆಲ್ಲಗೆ ತಳ್ಳುತ್ತಾ ಹೋಗಿ. ನೇರ ಹಳಿಯಲ್ಲಿ ಸುಮ್ನೆ ಇದ್ದದ್ದು ತಿರುವಿನಲ್ಲಿ ಬೀಪ್ ಅಂದರೆ ಅದೇ ಜಾಗ. ಮೂಲೆಗಳನ್ನು ಅರದಿಂದ ಸ್ವಲ್ಪ ಉಜ್ಜಿ ಕರೆಂಟ್ ಹಾಯದ ಕ್ಯಾಪ್ಟಾನ್ ಟೇಪ್ ಅಂಟಿಸಿ.

ಘಾಟ್‌ಲೈನ್:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕಾಗದದ ಪರೀಕ್ಷೆ ಮಾಡಿದೆ. ಬುಡದಲ್ಲಿ ಎಳೆಯುವ ಮೊದಲ ಆಕ್ಸಲ್ ಪೂರ್ತಿ ಗಾಳಿಯಲ್ಲಿತ್ತು. ತುದಿಯಲ್ಲಿ ಪೈಲಟ್ ಟ್ರಕ್‌ನ ನಾಲ್ಕೂ ಗಾಲಿ ತೇಲುತ್ತಿದ್ದವು. ಸ್ಕ್ರೂ ಬದಲಿಸಿ ತೆಳು ಸ್ಪ್ರಿಂಗ್ ಹಾಕಿದೆ, ಹಳಿಯ ಕೆಳಗೂ ಪಟ್ಟಿ ಕೊಟ್ಟೆ. ಈಗ ಹಳಿ ತಪ್ಪುವುದು ನಿಂತಿದೆ. ಬೀಪ್ ಕೂಡ ಹೇಳಿದ ಜಾಗದಲ್ಲೇ ಬಂತು, ಟೇಪ್ ಹಾಕಿದ ಮೇಲೆ ಕಿಡಿ ಇಲ್ಲ.

ಉಳಿದದ್ದು ಎಳೆಯುವ ಶಕ್ತಿ. ಉದ್ದದ ರೈಲು ಕಟ್ಟಿದರೆ ಅರ್ಧ ಏರಿನಲ್ಲಿ ಈಗಲೂ ಜಾರುತ್ತದೆ. ಸೀಸ ಎಲ್ಲಿ ತುಂಬಲಿ? ಇನ್ನೊಂದು, ಎಂಜಿನ್ನಿಗೆ ಕರೆಂಟ್ ಕೊಡುವ ಪಕ್ಕದ ಮೂರನೇ ಹಳಿ ಹಾಕಬೇಕು. ಅದರ ಬಗ್ಗೆ ಗೊತ್ತಿದ್ದವರು ಹೇಳಿ.

ಆಲ್ಪ್ಸ್‌ಅಭಿಮಾನಿ:
ಸೀಸವನ್ನು ಕ್ಯಾಬಿನ್ ಮೂಲೆಗಳಲ್ಲಿ ತುಂಬಬೇಡಿ, ಅದು ಪೈಲಟ್ ಟ್ರಕ್ ಮೇಲೆ ಬೀಳುತ್ತದೆ. ಪ್ರತಿ ಅರ್ಧದ ನಡುವಿನ ಎಳೆಯುವ ಆಕ್ಸಲ್‌ನ ನೇರ ಮೇಲೆ ಇಡಿ. ಅಸಲಿ ಎಂಜಿನ್ ಸುಮಾರು 160 ಟನ್ ತೂಗುತ್ತಿತ್ತು. ಅದರಲ್ಲೂ ಪೈಲಟ್ ಆಕ್ಸಲ್‌ಗಳ ಮೇಲಿನ ಭಾರ ಎಳೆಯುವುದಕ್ಕೆ ಉಪಯೋಗವಿಲ್ಲ. ಮುಂದೆ ಬಂದ ಫ್ರೆಂಚ್ ಎಂಜಿನ್ ಸಿಸಿ 7100ರಲ್ಲಿ ಆ ಟ್ರಕ್ಕುಗಳನ್ನೇ ಬಿಟ್ಟು ಎಲ್ಲಾ ಆರು ಆಕ್ಸಲ್‌ಗೂ ಮೋಟಾರ್ ಕೊಟ್ಟರು. ಆದರೂ ನನಗೆ ಈ ಹಳೆಯ ಹತ್ತು ಆಕ್ಸಲ್‌ನ ದೈತ್ಯವೇ ಹೆಚ್ಚು ಇಷ್ಟ.

ಭಾರದ ರೈಲಿಗೆ ಮೊರಿಯೆನ್‌ನಲ್ಲಿ ಹಿಂದಿನಿಂದ ತಳ್ಳುವ ಎಂಜಿನ್ ಹಾಕುತ್ತಿದ್ದರು, ನಮ್ಮ ಸಕಲೇಶಪುರ ಘಾಟಿಯ ಬ್ಯಾಂಕರ್ ಹಾಗೆ. ನೀವೂ ಒಂದು ಹಾಕಿ, ಲೇಔಟ್ ಇನ್ನೂ ಸತ್ಯವಾಗುತ್ತದೆ. ಆ ಇಳಿಜಾರು ಆಟದ ವಿಷಯವಲ್ಲ. 1917ರ ಡಿಸೆಂಬರ್ 12ರ ರಾತ್ರಿ ಇಟಲಿಯಿಂದ ರಜೆಗೆ ಮರಳುತ್ತಿದ್ದ ಸೈನಿಕರ ರೈಲು ಮೊದಾನ್‌ನಿಂದ ಇಳಿಯುತ್ತಾ ಹಿಡಿತ ತಪ್ಪಿ ಸೇಂತ್-ಮಿಶೆಲ್ ಹತ್ತಿರ ಉರುಳಿತು. 19 ಗಾಡಿಗಳಿಗೆ ಒಂದೇ ಸ್ಟೀಮ್ ಎಂಜಿನ್, ಗಾಳಿಯ ಬ್ರೇಕ್ ಇದ್ದದ್ದು ಮೊದಲ ಮೂರಕ್ಕೆ ಮಾತ್ರ. 400ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ರೈಲು ಓಡಿಸುವವರಿಗೆ ಹತ್ತುವುದಕ್ಕಿಂತ ಇಳಿಯುವುದೇ ದೊಡ್ಡ ಚಿಂತೆ.

ಮೂರನೇ ಹಳಿ: ಈ ಲೈನಿನಲ್ಲಿ 1500 ವೋಲ್ಟ್ ಡಿಸಿ ಕರೆಂಟ್ ಪಕ್ಕದ ಹಳಿಯಲ್ಲೇ ಹರಿಯುತ್ತಿತ್ತು. ನಮ್ಮ ಬೆಂಗಳೂರು ಮೆಟ್ರೋದ ಮೂರನೇ ಹಳಿಯಲ್ಲಿ ಇರುವುದು 750 ವೋಲ್ಟ್, ಇಲ್ಲಿನದು ಅದರ ಎರಡರಷ್ಟು! 1930ಕ್ಕೆ ಮೊದಾನ್ ತನಕ ಹಾಕಿದ್ದರು, 1976ರಲ್ಲಿ ತೆಗೆದು ತಂತಿ ಎಳೆದರು. ಆದರೆ ದೊಡ್ಡ ಸ್ಟೇಷನ್‌ಗಳಲ್ಲಿ ಮೊದಲಿಂದಲೂ ಮೇಲಿನ ತಂತಿಯೇ. ಆದ್ದರಿಂದ ನಿಮ್ಮ ಮೊದಾನ್ ಯಾರ್ಡ್ ಒಳಗೆ ಮೂರನೇ ಹಳಿ ಬೇಡ, ಹೊರಗಿನ ಏರಿನಲ್ಲಿ ಮಾತ್ರ ಹಾಕಿ. ಎಂಜಿನ್ನಿಗೆ ತಂತಿಯಿಂದ ಕರೆಂಟ್ ತೆಗೆಯುವ ಪ್ಯಾಂಟೋಗ್ರಾಫ್ ಮತ್ತು ಮೂರನೇ ಹಳಿಯಿಂದ ತೆಗೆಯುವ ಪಕ್ಕದ ಶೂ ಎರಡೂ ಇರಲೇಬೇಕು.

ಯಾವ ಕಾಲ ತೋರಿಸುತ್ತಿದ್ದೀರಿ? 1961ಕ್ಕಿಂತ ಮುಂಚೆ ಆದರೆ ಇಟಲಿ ಕಡೆಯಿಂದ ಮೂರು ಫೇಸ್ ಎಸಿ ಎಂಜಿನ್‌ಗಳು 13.7 ಕಿ.ಮೀ. ಉದ್ದದ ಫ್ರೆಜ್ಯುಸ್ ಸುರಂಗ ದಾಟಿ ಮೊದಾನ್‌ಗೆ ಬರುತ್ತಿದ್ದವು. ಆ ಹಳಿಗಳ ಮೇಲೆ ಒಂದರ ಬದಲು ಎರಡು ತಂತಿ ಜೋಡಿಯಾಗಿ ಇರಬೇಕು.

ಘಾಟ್‌ಲೈನ್:
1950ರ ದಶಕ. ಎರಡು ತಂತಿಯ ವಿಷಯ ಹೇಳಿದ್ದು ಒಳ್ಳೆಯದಾಯಿತು, ಇನ್ನೂ ಕಂಬ ನೆಟ್ಟಿಲ್ಲ. ಏರಿನ ಮಧ್ಯೆ ಒಂದು ಸಣ್ಣ ಹಾಲ್ಟ್ ಮತ್ತು ಒಂದು ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಇದೆ. ಅಲ್ಲಿ ಮೂರನೇ ಹಳಿ ಯಾವ ಬದಿಗೆ?

ಆಲ್ಪ್ಸ್‌ಅಭಿಮಾನಿ:
ಪ್ಲಾಟ್‌ಫಾರ್ಮ್ ಇಲ್ಲದ ಬದಿಗೆ. ಪಾಯಿಂಟ್ ಬಂದಲ್ಲಿ ಕತ್ತರಿಸಿ, ತುದಿಯನ್ನು ಸ್ವಲ್ಪ ಕೆಳಗೆ ಬಗ್ಗಿಸಿ, ಮತ್ತೆ ಎದುರು ಬದಿಯಲ್ಲಿ ಶುರು ಮಾಡಿ. ಎಂಜಿನ್ ಉದ್ದ ಇರುವುದರಿಂದ ಒಂದು ತುದಿಯ ಶೂ ಬಿಟ್ಟಾಗ ಇನ್ನೊಂದು ತುದಿಯದ್ದು ಹಿಡಿದಿರುತ್ತದೆ. ಇನ್ನೂ ಚಿಕ್ಕದಾದ ಎನ್ ಸ್ಕೇಲ್ ಹಳಿ ತಂದು ಪ್ಲಾಸ್ಟಿಕ್ ತುಂಡುಗಳ ಮೇಲೆ ಅಂಟಿಸಿ, ಕರೆಂಟ್ ಕೊಡಬೇಡಿ. ಅಂಟು ಒಣಗುವ ಮೊದಲು ಎಂಜಿನ್ನನ್ನು ಕೈಯಲ್ಲಿ ತಳ್ಳಿ, ಈಗ ಸ್ಪ್ರಿಂಗ್ ಮೇಲೆ ಆಡುತ್ತಿರುವ ಪೈಲಟ್ ಟ್ರಕ್ ಎಲ್ಲೂ ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಬಣ್ಣ ಹಚ್ಚುವ ಮುಂಚೆ ಶಾಂಬೇರಿಯ ರೌಂಡ್‌ಹೌಸ್‌ನಲ್ಲಿ (ದುಂಡನೆಯ ಎಂಜಿನ್ ಶೆಡ್) ಉಳಿಸಿಟ್ಟಿರುವ 3402ರ ಫೋಟೋಗಳನ್ನೂ ನೋಡಿ. ಇದ್ದ ನಾಲ್ಕರಲ್ಲಿ ಉಳಿದದ್ದು ಅದೊಂದೇ.