ಮಗಳ ಪ್ರಶ್ನೆಗೆ ಉತ್ತರವಾಗಿ, ಆಲ್ವಿನ್ ಪ್ಲಾಂಟಿಂಗಾ ಅವರ ಬಗ್ಗೆ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಮಗಳೇ, ನೀನು ಹಾಸ್ಟೆಲ್‌ನಿಂದ ನಮ್ಮ ಕುಟುಂಬದ ಗುಂಪಿಗೆ ಕಳುಹಿಸಿದ ಸಂದೇಶವನ್ನು ಬೆಳಗಿನ ಪ್ರಾರ್ಥನೆ ಮುಗಿಸಿ ಓದಿದೆ. ದೇವರು ಸರ್ವಶಕ್ತ, ದೇವರು ಪೂರ್ತಿ ಒಳ್ಳೆಯವನು, ಆದರೂ ಲೋಕದಲ್ಲಿ ಕೇಡಿದೆ, ಈ ಮೂರನ್ನೂ ಒಟ್ಟಿಗೆ ನಂಬುವುದು ತರ್ಕಕ್ಕೆ ವಿರುದ್ಧ ಎಂದು ನಿಮ್ಮ ಉಪನ್ಯಾಸಕರು ಹೇಳಿದರು ಎಂದು ಬರೆದಿದ್ದೀಯ. ಅದೇ ವಾರ ನಿನ್ನ ಕೋಣೆಯ ಗೆಳತಿಯ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡನೆಂದೂ, ಆಗ ನಿನ್ನ ದೇವರು ಎಲ್ಲಿದ್ದ ಎಂದು ಅವಳು ಕೇಳಿದಾಗ ನಿನಗೆ ಮಾತೇ ಹೊರಡಲಿಲ್ಲವೆಂದೂ ಬರೆದಿದ್ದೀಯ. ಅದರ ಕೆಳಗೆ ಭಾವನವರು, ಇಂಥ ಪ್ರಶ್ನೆ ಮನಸ್ಸಿಗೆ ಬರುವುದೇ ಅವಿಶ್ವಾಸ, ಪ್ರಾರ್ಥನೆ ಮಾಡು ಎಂದಿದ್ದಾರೆ. ಭಾವ, ಮಗುವಿನ ಬಗ್ಗೆ ನಿಮಗಿರುವ ಕಾಳಜಿ ನನಗೆ ಗೊತ್ತು. ಪ್ರಾರ್ಥನೆ ಬೇಕೇ ಬೇಕು. ಆದರೆ ಕೇಳುವುದೇ ಅವಿಶ್ವಾಸ ಎಂಬ ಮಾತನ್ನು ನಾನು ಒಪ್ಪಲಾರೆ. ಪಿಯು ಕಾಲೇಜಿನಲ್ಲಿ ಇಷ್ಟು ವರ್ಷ ತರ್ಕಶಾಸ್ತ್ರ ಕಲಿಸಿದವಳಾಗಿ ಇದಕ್ಕೆ ಉತ್ತರ ಹೇಳುವುದು ನನ್ನ ಕರ್ತವ್ಯ ಎನಿಸುತ್ತದೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಹೇಳಬೇಕೆಂದಿರುವುದು ಆಲ್ವಿನ್ ಪ್ಲಾಂಟಿಂಗಾ ಎಂಬ ಕ್ರೈಸ್ತ ತತ್ವಜ್ಞಾನಿಯ ಬಗ್ಗೆ. 1932ರ ನವೆಂಬರ್ 15ರಂದು ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಹುಟ್ಟಿದವರು. ಅವರ ತಂದೆ ನೆದರ್ಲೆಂಡ್ಸ್‌ನ ಫ್ರೀಸ್‌ಲೆಂಡ್ ಪ್ರಾಂತ್ಯದಿಂದ ಬಂದವರು, ತಾಯಿಯ ಕಡೆಯವರು ವಿಸ್ಕಾನ್ಸಿನ್‌ನಲ್ಲಿ ನೆಲೆಸಿದ್ದ ಡಚ್ ರೈತರು. ಎರಡೂ ಕಡೆ 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಅವರ ಬೋಧನೆಯನ್ನು ಗಟ್ಟಿಯಾಗಿ ಹಿಡಿದ ಮನೆತನಗಳೇ. ಕ್ಯಾಲ್ವಿನ್ ಎಂದರೆ ನಮಗೆ ತೀರಾ ದೂರದವರಲ್ಲ. ಅವರ 'ಇನ್‌ಸ್ಟಿಟ್ಯೂಟ್ಸ್' ಗ್ರಂಥ 1536ರಲ್ಲಿ ಮೊದಲು ಅಚ್ಚಾದದ್ದು ಸ್ವಿಟ್ಜರ್ಲೆಂಡ್‌ನ ಬಾಸೆಲ್ ನಗರದಲ್ಲಿ. 1834ರಲ್ಲಿ ಮಂಗಳೂರಿಗೆ ಮಿಷನರಿಗಳು ಬಂದದ್ದೂ ಅದೇ ಬಾಸೆಲ್‌ನ ಮಿಷನ್‌ನಿಂದ.

ಆ ಮನೆಗಳಲ್ಲಿ ಭಾನುವಾರದ ಪ್ರಸಂಗ, ಅಂದರೆ ಚರ್ಚಿನಲ್ಲಿ ಪಾದ್ರಿಯ ಬೋಧನೆ, ಆರಾಧನೆಯೊಂದಿಗೆ ಮುಗಿಯುತ್ತಿರಲಿಲ್ಲ. ಊಟದ ಮೇಜಿನಲ್ಲೂ ಹೊಲದಲ್ಲೂ ದೊಡ್ಡವರು ಅದನ್ನು ಹಿಡಿದು ವಾದಿಸುತ್ತಿದ್ದರು. ಎಂಟೊಂಬತ್ತು ವರ್ಷಕ್ಕೇ ಆಲ್ವಿನ್‌ಗೆ ಒಂದು ಸಂದೇಹ ಹುಟ್ಟಿತು. ಪಾಪದಿಂದಾಗಿ ಮನುಷ್ಯನ ಸ್ವಭಾವವೆಲ್ಲ ಕೆಟ್ಟಿದೆ ಎಂದು ಕ್ಯಾಲ್ವಿನನ ಅನುಯಾಯಿಗಳು ಕಲಿಸುತ್ತಾರಲ್ಲ, ಹಾಗಾದರೆ ನಮ್ಮ ಅಜ್ಜಿಯೂ ಪೂರ್ತಿ ಕೆಟ್ಟವಳೇ? ಅಜ್ಜಿಯೋ ದೇವಭಕ್ತೆ. ಅವರ ಬಾಯಲ್ಲಿ ಕೆಟ್ಟ ಮಾತು ಬಂದದ್ದನ್ನು ಹುಡುಗ ಕೇಳಿದ್ದು ಎರಡೇ ಸಲ. ಒಮ್ಮೆ ಯಾರೋ ಧಡಧಡನೆ ಅಡುಗೆಮನೆಗೆ ನುಗ್ಗಿ ಬಂದು, ಬೇಯುತ್ತಿದ್ದ ಮೂರು ಕೇಕುಗಳು ಕುಸಿದು ಕುಳಿತಾಗ. ಇನ್ನೊಮ್ಮೆ ಅಜ್ಜಿ ಮಾಂಸ ಒಣಗಿಸಲು ಇಟ್ಟಿದ್ದ ದೊಡ್ಡ ಪೀಪಾಯಿಯೊಳಕ್ಕೆ ಈ ಹುಡುಗನೇ ಪಟಾಕಿ ಸರ ಎಸೆದಾಗ. ಆ ಬೋಧನೆಯ ಅರ್ಥ ಎಲ್ಲರೂ ಯೇಸುವಿಗೆ ದ್ರೋಹ ಮಾಡಿದ ಯೂದನಷ್ಟೇ ದುಷ್ಟರು ಎಂದಲ್ಲ, ನಮ್ಮ ಬದುಕಿನ ಯಾವ ಭಾಗವೂ ಪಾಪದ ಸೋಂಕಿಲ್ಲದೆ ಉಳಿದಿಲ್ಲ ಎಂದು ಅವರಿಗೆ ದೊಡ್ಡವರಾದ ಮೇಲೆ ತಿಳಿಯಿತು. ಭಾವ, ನೋಡಿ, ಅಜ್ಜಿಯ ಮೇಲಿನ ಪ್ರೀತಿಯಿಂದ ಮಗು ಒಂದು ಪ್ರಶ್ನೆ ಕೇಳಿಕೊಂಡಿತು. ಆ ಮಗುವನ್ನು ಯಾರೂ ಗದರಿಸಿ ಕೂರಿಸಲಿಲ್ಲ. ಮುಂದೆ ಆ ಮಗುವೇ ಅವರ ಕ್ರೈಸ್ತ ಸಭೆಗೆ ಆಧಾರವಾಗಿ ನಿಂತಿತು.

ತಂದೆ ಕಾರ್ನೀಲಿಯಸ್ ತತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಅವರಿಗೆ ದಶಕಗಳ ಕಾಲ ತೀವ್ರ ಮಾನಸಿಕ ಕಾಯಿಲೆ ಇತ್ತು. ಉನ್ಮಾದ ಒಂದು ಕಡೆ, ಕುಸಿತ ಇನ್ನೊಂದು ಕಡೆ. ಇದನ್ನು ಮಗ ಮುಚ್ಚಿಡದೆ ಬರೆದಿದ್ದಾರೆ. ಕೇಡಿನ ಪ್ರಶ್ನೆಯ ಬಗ್ಗೆ ಪುಸ್ತಕ ಬರೆದ ಈ ಮನುಷ್ಯ ಸಂಕಟವನ್ನು ಮೊದಲು ನೋಡಿದ್ದು ಸ್ವಂತ ಮನೆಯಲ್ಲಿ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದು.

1950ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಹಾರ್ವರ್ಡ್‌ಗೆ ಹೋದರು. ನಿನ್ನದೇ ವಯಸ್ಸು. ತನಗಿಂತ ಬುದ್ಧಿವಂತರಾದ, ದೇವರನ್ನು ನಂಬದ ಜನರನ್ನು ಹತ್ತಿರದಿಂದ ನೋಡಿದ್ದು ಅಲ್ಲೇ. ಚಿಕ್ಕಂದಿನಿಂದ ನಂಬಿದ್ದು ನಿಜವೇ ಎಂದು ಮನಸ್ಸು ಓಲಾಡತೊಡಗಿತು. ಒಂದು ಸಂಜೆ ಊಟ ಮುಗಿಸಿ ಕೋಣೆಗೆ ಮರಳುತ್ತಿದ್ದರು. ಕತ್ತಲೆ, ಗಾಳಿ, ಮಳೆ. ಇದ್ದಕ್ಕಿದ್ದಂತೆ ಆಕಾಶವೇ ತೆರೆದಂತಾಯಿತು, ಹಿಂದೆಂದೂ ಕೇಳದ ಸಂಗೀತ ಕೇಳಿದಂತಾಯಿತು, ಕರ್ತನು ನಿಜವಾಗಿಯೂ ಇದ್ದಾನೆ ಎಂಬುದು ಸ್ಪಷ್ಟವಾಯಿತು ಎಂದು ಅವರು ಬರೆದಿದ್ದಾರೆ. ಇಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಆಮೇಲಿನ ನಡೆ. ಆ ಅನುಭವವನ್ನು ಹಿಡಿದುಕೊಂಡು ಯಾರ ಬಾಯನ್ನೂ ಮುಚ್ಚಿಸಲು ಅವರು ಹೋಗಲಿಲ್ಲ. ಸಹಪಾಠಿಗಳ ಜೊತೆ ವಾದವನ್ನು ಮುಂದುವರಿಸಿದರು.

ರಜೆಯಲ್ಲಿ ಮಿಶಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ಗೆ ಬಂದಾಗ ಕ್ಯಾಲ್ವಿನ್ ಕಾಲೇಜಿನಲ್ಲಿ ಹ್ಯಾರಿ ಯೆಲ್ಲೆಮಾ ಎಂಬ ಪ್ರಾಧ್ಯಾಪಕರ ಪಾಠ ಕೇಳಿದರು. ಕ್ರೈಸ್ತ ವಿಶ್ವಾಸದ ಮೇಲಿನ ಆಕ್ಷೇಪಗಳಿಗೆ ಯೆಲ್ಲೆಮಾ ಹೆದರುತ್ತಿರಲಿಲ್ಲ. ಆಕ್ಷೇಪ ಎತ್ತುವವನೂ ಯಾವುದೋ ಒಂದು ನಂಬಿಕೆಯ ಮೇಲೆ ನಿಂತೇ ಮಾತನಾಡುತ್ತಾನೆ, ಆ ನೆಲವನ್ನೂ ಪರೀಕ್ಷಿಸಬೇಕು ಎಂದು ಕಲಿಸುತ್ತಿದ್ದರು. ಹುಡುಗ ಹಾರ್ವರ್ಡ್ ಬಿಟ್ಟು ಆ ಸಣ್ಣ ಕಾಲೇಜಿಗೆ ಸೇರಿದ! ಜೀವನದಲ್ಲಿ ತಾನು ಮಾಡಿದ ಅತ್ಯುತ್ತಮ ನಿರ್ಧಾರಗಳಲ್ಲಿ ಅದೂ ಒಂದು ಎಂದು ಮುಂದೆ ಹೇಳಿಕೊಂಡರು. ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯ, 1958ರಲ್ಲಿ ಯೇಲ್‌ನಿಂದ ಡಾಕ್ಟರೇಟ್, ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕೆಲಸ, 1963ರಿಂದ 1982ರವರೆಗೆ ಗುರುಗಳು ಕಲಿಸಿದ್ದ ಅದೇ ಕ್ಯಾಲ್ವಿನ್ ಕಾಲೇಜು.

ಈಗ ನಿಮ್ಮ ಉಪನ್ಯಾಸಕರ ಮಾತಿಗೆ ಬರುತ್ತೇನೆ. ಅದು ಹೊಸ ವಾದವಲ್ಲ. ಆಸ್ಟ್ರೇಲಿಯದ ಜೆ. ಎಲ್. ಮ್ಯಾಕಿ ಎಂಬ ತತ್ವಜ್ಞಾನಿ 1955ರಲ್ಲಿ 'ಮೈಂಡ್' ಪತ್ರಿಕೆಯಲ್ಲಿ ಅದನ್ನು ಬಹಳ ಚೊಕ್ಕವಾಗಿ ಮಂಡಿಸಿದರು. ದೇವರ ಬಗೆಗಿನ ಮಾತಿಗೆ ಅರ್ಥವೇ ಇಲ್ಲ ಎಂದು ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹೇಳುತ್ತಿದ್ದ ಕಾಲ ಅದು. ಪ್ಲಾಂಟಿಂಗಾ ಅವರ ಉತ್ತರ 1974ರಲ್ಲಿ ಬಂದ 'ಗಾಡ್, ಫ್ರೀಡಮ್ ಅಂಡ್ ಈವಿಲ್' ಎಂಬ ಸಣ್ಣ ಪುಸ್ತಕದಲ್ಲಿದೆ. ಅದರ ತಿರುಳನ್ನು ಮಾತ್ರ ಹೇಳುತ್ತೇನೆ.

ಎರಡು ಮಾತುಗಳು ಒಂದಕ್ಕೊಂದು ವಿರುದ್ಧ ಎಂದು ಯಾರಾದರೂ ಹೇಳಿದರೆ, ಎರಡೂ ನಿಜವಾಗಿರಬಹುದಾದ ಒಂದೇ ಒಂದು ಸಂದರ್ಭವನ್ನು ತೋರಿಸಿದರೆ ಸಾಕು, ಆ ಆರೋಪ ಬಿದ್ದುಹೋಗುತ್ತದೆ. ಪಕ್ಕದ ಮನೆಗೆ ಹೊರಗಿನಿಂದ ಬೀಗ ಹಾಕಿದೆ, ಒಳಗೆ ದೀಪ ಉರಿಯುತ್ತಿದೆ. ಇದು ಅಸಾಧ್ಯ ಎಂದು ಒಬ್ಬ ವಾದಿಸಿದರೆ, ಮನೆಯವರು ಆರಿಸದೆ ಹೋಗಿರಬಹುದಲ್ಲ ಎಂದರೆ ಸಾಕು. ಅವರು ಹಾಗೆ ಹೋದದ್ದಕ್ಕೆ ಸಾಕ್ಷಿ ಕೊಡಬೇಕಾಗಿಲ್ಲ. ಪ್ಲಾಂಟಿಂಗಾ ಮಾಡಿದ್ದು ಇಷ್ಟೇ. ದೇವರು ಕೇಡನ್ನು ಯಾಕೆ ಬಿಟ್ಟಿದ್ದಾನೆ ಎಂದು ತನಗೆ ಗೊತ್ತಿದೆ ಎಂದು ಅವರು ಎಲ್ಲೂ ಹೇಳಲಿಲ್ಲ. ಸ್ವತಂತ್ರವಾಗಿ ಒಳ್ಳೆಯದನ್ನು ಆರಿಸಿಕೊಳ್ಳಬಲ್ಲ ಜೀವಿಗಳನ್ನು ಸೃಷ್ಟಿಸಿದ ಮೇಲೆ, ಅವರು ತಪ್ಪು ಮಾಡದಂತೆ ಬಲವಂತ ಮಾಡಿದರೆ ಅದು ಸ್ವಾತಂತ್ರ್ಯವಲ್ಲ. ಸ್ವತಂತ್ರರೇ ಆಗಿದ್ದು ಎಂದೂ ತಪ್ಪದವರನ್ನು ಮಾತ್ರ ಸೃಷ್ಟಿಸಬಹುದಿತ್ತಲ್ಲ ಎಂದು ಮ್ಯಾಕಿ ಕೇಳಿದ್ದರು. ಅದಕ್ಕೆ ಇವರ ಉತ್ತರ ಹೀಗೆ: ಯಾರು ಯಾವಾಗ ಏನನ್ನು ಆರಿಸುತ್ತಾರೆ ಎಂಬುದು ಆ ಜೀವಿಯ ಕೈಯಲ್ಲೂ ಇದೆ. ದೇವರು ಯಾವ ಲೋಕವನ್ನು ಸೃಷ್ಟಿಸಿದ್ದರೂ ಪ್ರತಿಯೊಬ್ಬರೂ ಒಮ್ಮೆಯಾದರೂ ತಪ್ಪುತ್ತಿದ್ದರು ಎಂಬುದು ಕನಿಷ್ಠ ಪಕ್ಷ ಸಾಧ್ಯ. ಆ ಸಾಧ್ಯತೆ ಇರುವ ತನಕ ವಿರೋಧಾಭಾಸದ ಆರೋಪ ನಿಲ್ಲುವುದಿಲ್ಲ.

ಮ್ಯಾಕಿ ದೊಡ್ಡ ಮನುಷ್ಯರು. ಅವರು ತೀರಿಕೊಂಡ ಮೇಲೆ 1982ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಆಸ್ತಿಕರ ಮೂಲ ಬೋಧನೆಗಳು ತಮ್ಮೊಳಗೇ ತರ್ಕವಿರುದ್ಧ ಎಂದು ಕೇಡಿನ ಸಮಸ್ಯೆ ತೋರಿಸುವುದಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ಅವರು ಕೊನೆಯವರೆಗೂ ನಾಸ್ತಿಕರೇ. ವಾದವೂ ಅಲ್ಲಿಗೆ ಮುಗಿಯಲಿಲ್ಲ, ಇಷ್ಟೊಂದು ಕೇಡಿರುವಾಗ ದೇವರಿರುವ ಸಂಭವ ಕಡಿಮೆ ಎಂಬ ಬೇರೆ ರೂಪದಲ್ಲಿ ಅದು ಈಗಲೂ ನಡೆದಿದೆ. ಅದು ನಿಜಕ್ಕೂ ಗಟ್ಟಿ ವಾದ. ಆದ್ದರಿಂದ ಉಪನ್ಯಾಸಕರ ಹತ್ತಿರ ಹೋಗಿ, ಸರ್, ಇದು ಅಸಾಧ್ಯ ಎನ್ನುತ್ತೀರಾ ಅಥವಾ ಸಂಭವ ಕಡಿಮೆ ಎನ್ನುತ್ತೀರಾ ಎಂದು ಗೌರವದಿಂದ ಕೇಳು. ಚರ್ಚೆ ಅಲ್ಲಿಂದ ಶುರುವಾಗಲಿ.

ಇನ್ನೊಂದು ವಿಷಯ. ಮನುಷ್ಯನ ಸ್ವಾತಂತ್ರ್ಯದ ಮೇಲೆ ಪ್ಲಾಂಟಿಂಗಾ ಇಷ್ಟು ಭಾರ ಹಾಕಿದ್ದು ಅವರ ಕ್ಯಾಲ್ವಿನ್ ಸಂಪ್ರದಾಯದ ಹಲವರಿಗೇ ಹಿಡಿಸಲಿಲ್ಲ. ಎಲ್ಲವೂ ದೇವರ ಚಿತ್ತದಂತೆ ನಡೆಯುತ್ತದೆ ಎಂದು ಬಲವಾಗಿ ಹೇಳುವವರಲ್ಲವೇ ಅವರು? ತನ್ನವರಿಗೆ ಇಷ್ಟವಾಗದಿದ್ದರೂ ಸರಿ ಕಂಡದ್ದನ್ನು ಹೇಳಿ, ಆ ಸಭೆಯಲ್ಲೇ ಉಳಿದರು. ನನಗೆ ಅವರಲ್ಲಿ ಅತ್ಯಂತ ಗೌರವ ಹುಟ್ಟುವುದು ಇಲ್ಲೇ.

ಆದರೆ ಮಗಳೇ, ಇದ್ಯಾವುದನ್ನೂ ನಿನ್ನ ಗೆಳತಿಗೆ ಹೇಳಬೇಡ. ದಯವಿಟ್ಟು. ತರಗತಿಯ ಪ್ರಶ್ನೆ ಬೇರೆ, ತಮ್ಮನನ್ನು ಮಣ್ಣು ಮಾಡಿ ಬಂದವಳ ಪ್ರಶ್ನೆ ಬೇರೆ. ಇದು ನನ್ನ ಮಾತಲ್ಲ. ಪ್ಲಾಂಟಿಂಗಾ ಅವರೇ ಆ ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಸ್ವಂತ ಸಂಕಟದಲ್ಲೋ ಹತ್ತಿರದವರ ಸಂಕಟದಲ್ಲೋ ದೇವರೊಂದಿಗಿನ ಸಂಬಂಧವೇ ಕಷ್ಟವಾದವನಿಗೆ ಬೇಕಾದದ್ದು ತತ್ವಜ್ಞಾನದ ವಿವರಣೆಯಲ್ಲ, ಸಭಾಪಾಲಕನ ಆರೈಕೆ ಎಂದು. ಇಷ್ಟು ಸೂಕ್ಷ್ಮವಾದ ವಾದ ಕಟ್ಟಿದವರು ಅದನ್ನು ಎಲ್ಲಿ ಬಳಸಬಾರದು ಎಂದೂ ತಾವೇ ಹೇಳಿದ್ದಾರೆ. ನಮ್ಮ ಸಾವಿನ ಮನೆಗಳಲ್ಲಿ ದೇವರ ಚಿತ್ತ ಎಂದು ಒಂದೇ ಮಾತಿನಲ್ಲಿ ಮುಗಿಸಿ ಎದ್ದು ಬರುವ ನಾವೆಲ್ಲ ಇದನ್ನು ಕೇಳಿಸಿಕೊಳ್ಳಬೇಕು.

ಅವರ ಕಾಲೇಜಿನ ಗೆಳೆಯ ನಿಕೋಲಸ್ ವೋಲ್ಟರ್‌ಸ್ಟಾರ್ಫ್ ಕೂಡ ಯೆಲ್ಲೆಮಾ ಅವರ ಶಿಷ್ಯರು, ಅಷ್ಟೇ ದೊಡ್ಡ ತತ್ವಜ್ಞಾನಿ. 1983ರಲ್ಲಿ ಅವರ ಮಗ ಎರಿಕ್ ಆಸ್ಟ್ರಿಯದಲ್ಲಿ ಪರ್ವತ ಹತ್ತುವಾಗ ಬಿದ್ದು ತೀರಿಕೊಂಡ. ವಯಸ್ಸು 25. ನಾಲ್ಕು ವರ್ಷದ ಮೇಲೆ ಆ ತಂದೆ 'ಲಮೆಂಟ್ ಫಾರ್ ಎ ಸನ್' ಎಂಬ ಚಿಕ್ಕ ಪುಸ್ತಕ ಪ್ರಕಟಿಸಿದರು. ಅದರಲ್ಲಿ ವಾದವಿಲ್ಲ. ದೇವರೇ ಇದನ್ನು ಮಾಡಿದ ಎನ್ನಲೂ ಆಗುತ್ತಿಲ್ಲ, ಆತನ ಕೈಯಲ್ಲಿ ಏನೂ ಇರಲಿಲ್ಲ ಎನ್ನಲೂ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಸಮಾಧಾನ ಹೇಳಲು ಬರುವವರು ದೂರ ನಿಂತು ಮಾತನಾಡದೆ ಪಕ್ಕದಲ್ಲಿ ಬಂದು ಕುಳಿತರೆ ಸಾಕು ಎನ್ನುತ್ತಾರೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ಮೊದಲ ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ.

ಭಾವ, ಈಗ ನಿಮಗಾಗಿ. ಎಲ್ಲಕ್ಕೂ ಸಾಕ್ಷಿ ಕೇಳುತ್ತಾ ಹೋದರೆ ವಿಶ್ವಾಸ ಉಳಿಯುತ್ತದೆಯೇ ಎಂಬುದು ನಿಮ್ಮ ಭಯ. ಪ್ಲಾಂಟಿಂಗಾ ಅವರ ಜೀವಮಾನದ ಕೆಲಸದ ದೊಡ್ಡ ಪಾಲು ಅದರ ಮೇಲೆಯೇ. ಈ ಬೆಳಿಗ್ಗೆ ನಾನು ತಿಂಡಿ ತಿಂದೆ ಎಂದು ನನಗೆ ಗೊತ್ತಿದೆ. ಬೇರೆ ಯಾವುದೋ ವಾದದಿಂದ ನಾನು ಅದನ್ನು ಸಾಧಿಸಿಕೊಂಡಿಲ್ಲ, ಸುಮ್ಮನೆ ನೆನಪಿದೆ. ಎದುರಿಗಿರುವವರಿಗೂ ನನ್ನಂತೆ ಮನಸ್ಸಿದೆ ಎಂಬುದನ್ನೂ ಯಾರೂ ಸಾಬೀತು ಮಾಡಿ ನಂಬಿದ್ದಲ್ಲ. ದೇವರ ಮೇಲಿನ ನಂಬಿಕೆಯೂ ಹಾಗೆಯೇ ಎಂಬ ಹೋಲಿಕೆಯನ್ನು 1967ರ ಮೊದಲ ಪುಸ್ತಕದಲ್ಲೇ ಅವರು ಹಿಡಿದರು. ಮನುಷ್ಯನಲ್ಲಿ ದೇವರೇ ಇಟ್ಟ ಒಂದು ಅರಿವಿದೆ ಎಂದು ಕ್ಯಾಲ್ವಿನ್ ಆ 'ಇನ್‌ಸ್ಟಿಟ್ಯೂಟ್ಸ್' ಗ್ರಂಥದಲ್ಲಿ ಬರೆದಿದ್ದರಲ್ಲ, 2000ದಲ್ಲಿ ಬಂದ 'ವಾರಂಟೆಡ್ ಕ್ರಿಶ್ಚಿಯನ್ ಬಿಲೀಫ್' ಗ್ರಂಥದಲ್ಲಿ ಅದನ್ನೇ ಅವರು ಈ ಕಾಲದ ಭಾಷೆಯಲ್ಲಿ ಕಟ್ಟಿ ನಿಲ್ಲಿಸಿದರು. ಅಂದರೆ ವಾದ ಬಾರದ ನಮ್ಮ ಅಮ್ಮಂದಿರ ವಿಶ್ವಾಸ ವಾದ ಬಲ್ಲವರ ವಿಶ್ವಾಸಕ್ಕಿಂತ ಕೀಳಲ್ಲ. ಹಾಗೆಂದು ಆಕ್ಷೇಪ ಬಂದಾಗ ಕಿವಿ ಮುಚ್ಚಿಕೊಳ್ಳಿ ಎಂದು ಅವರು ಹೇಳಲಿಲ್ಲ. ಒಂದೊಂದು ಆಕ್ಷೇಪವನ್ನೂ ಎತ್ತಿಕೊಂಡು, ನೂರಾರು ಪುಟ ಉತ್ತರಿಸಿದರು.

1982ರಲ್ಲಿ ಅವರು ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಹೋಗಿ 2010ರವರೆಗೆ ಕಲಿಸಿದರು. ಅದು ಕಥೋಲಿಕರ ವಿಶ್ವವಿದ್ಯಾಲಯ. ಕ್ಯಾಲ್ವಿನನ ಅನುಯಾಯಿ ಅಲ್ಲಿ 28 ವರ್ಷ! ಕಥೋಲಿಕರ ಮನೆಯಿಂದ ಮದುವೆ ಸಂಬಂಧ ಬಂದಾಗ ಪ್ರೊಟೆಸ್ಟಂಟರಾದ ನಮ್ಮ ಮನೆಗಳಲ್ಲಿ ಇಂದಿಗೂ ಎಷ್ಟು ಮಾತಾಗುತ್ತದೆ ಎಂದು ನಿಮಗೆ ಗೊತ್ತಿದೆ. 2017ರಲ್ಲಿ ಅವರಿಗೆ ಅಧ್ಯಾತ್ಮ ಕ್ಷೇತ್ರದ ಸಾಧನೆಗೆ ಕೊಡುವ ಟೆಂಪಲ್‌ಟನ್ ಪ್ರಶಸ್ತಿ ಬಂತು, 11 ಲಕ್ಷ ಪೌಂಡ್. 1973ರಲ್ಲಿ ಮೊದಲ ಬಾರಿಗೆ ಮದರ್ ತೆರೇಸಾ ಅವರಿಗೆ ಸಂದ ಪ್ರಶಸ್ತಿ ಅದೇ.

ಮಗಳೇ, ಓದುವುದಾದರೆ 2015ರ 'ನಾಲೆಡ್ಜ್ ಅಂಡ್ ಕ್ರಿಶ್ಚಿಯನ್ ಬಿಲೀಫ್'ನಿಂದ ಶುರು ಮಾಡು. ದೊಡ್ಡ ಗ್ರಂಥವನ್ನು ಸಾಮಾನ್ಯ ಓದುಗರಿಗಾಗಿ ಅವರೇ ಚಿಕ್ಕದು ಮಾಡಿದ್ದಾರೆ. 1974ರ ಪುಸ್ತಕ ನನ್ನ ಕಪಾಟಿನಲ್ಲಿದೆ, ಅಂಚೆಯಲ್ಲಿ ಕಳುಹಿಸುತ್ತೇನೆ. ಅದರ ಮೊದಲ ಭಾಗವನ್ನು ಪೆನ್ಸಿಲ್ ಹಿಡಿದು ನಿಧಾನವಾಗಿ ಓದು, ದೇವರ ಅಸ್ತಿತ್ವದ ವಾದಗಳಿರುವ ಎರಡನೆಯ ಭಾಗ ಆಮೇಲೆ ಸಾಕು. ತಿಳಿಯದ ಕಡೆ ಪುಟದ ಸಂಖ್ಯೆ ಬರೆದು ಈ ಗುಂಪಿಗೇ ಹಾಕು. ಭಾವ, ನೀವೂ ಜೊತೆಗಿರಬೇಕು.