ಅಪ್‌ಡೇಟ್: ಬಿಆರ್‌ವಿ ಟಾಕೀಸಿನ ಹೆಸರಿನ ಗುಟ್ಟು ಸಿಕ್ಕಿತು

ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ ಈಗ ಮಿಲಿಟರಿ ಕ್ಯಾಂಟೀನ್ (ಸೈನಿಕರಿಗೆ ದಿನಸಿ ಮಾರುವ ಅಂಗಡಿ) ಇರುವ ಹಳೆಯ ಕಟ್ಟಡ ಹಿಂದೆ ಬಿಆರ್‌ವಿ ಟಾಕೀಸ್ ಆಗಿತ್ತಲ್ಲ, ಆ ಮೂರಕ್ಷರದ ಅರ್ಥವೇನು ಎಂದು ಕೇಳಿದ್ದೆ. ಯಾವನೋ ಮಾಲೀಕನ ಇನಿಷಿಯಲ್ ಇರಬೇಕು ಎಂಬ ನನ್ನ ಊಹೆ ಪೂರ್ತಿ ತಪ್ಪು.

ಅದು ಬೆಂಗಳೂರು ರೈಫಲ್ ವಾಲಂಟಿಯರ್ಸ್. 1868ರಲ್ಲಿ ಹುಟ್ಟಿದ ಪಡೆ. ದಂಡಿನ ಪ್ರದೇಶದ (ಕಂಟೋನ್ಮೆಂಟಿನ) ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಬಿಡುವಿನಲ್ಲಿ ಬಂದೂಕು ಹಿಡಿದು ಕವಾಯತು ಮಾಡುತ್ತಿದ್ದರು. ಮುಂದೆ ಅದು ಬ್ರಿಟಿಷ್ ಭಾರತದ ಅರೆಕಾಲಿಕ ಸಹಾಯಕ ಸೇನೆಯಾದ ಆಕ್ಸಿಲಿಯರಿ ಫೋರ್ಸಿನ ಭಾಗವಾಯಿತು. 1947ರಲ್ಲಿ ಆ ಫೋರ್ಸೇ ವಿಸರ್ಜನೆಗೊಂಡಿತು. ಪಡೆ ಹೋಯಿತು, ಹೆಸರು ಮಾತ್ರ ಟಿಕೆಟಿನ ಮೇಲೆ ಉಳಿಯಿತು. ಇಂಗ್ಲಿಷ್ ಸಿನಿಮಾ ನೋಡಲು ಸಾಲು ನಿಂತವರಲ್ಲಿ ಎಷ್ಟು ಜನ ಇದನ್ನು ಯೋಚಿಸಿದ್ದರೋ!

ಕಳೆದ ವಾರ ಸೇನೆಯಿಂದ ನಿವೃತ್ತರಾದ ನಮ್ಮ ಸೋದರಮಾವನ ಜೊತೆ ಒಳಗೆ ಹೋಗಿದ್ದೆ. ಕಾರ್ಡು ಅವರದು, ಚೀಲ ಹೊರುವ ಕೆಲಸ ನನ್ನದು. ಅವರು ಸೋಪು, ಬಿಸ್ಕತ್ತು ಆರಿಸುತ್ತಿದ್ದರೆ ನಾನು ಕತ್ತೆತ್ತಿ ಚಾವಣಿ ನೋಡುತ್ತ ನಿಂತುಬಿಟ್ಟೆ. ಹಿಂದಿನಿಂದ ಯಾರದೋ ಟ್ರಾಲಿ ಬಂದು ಹಿಮ್ಮಡಿಗೆ ತಗುಲಿತು. "ಇಲ್ಲೇ ಎಲ್ಲೋ ನಮ್ಮ ಸೀಟು ಇತ್ತು" ಎಂದು ಮಾವ ಬೇಳೆಯ ಪೊಟ್ಟಣಗಳತ್ತ ಕೈ ತೋರಿಸಿದರು.

ಅದೇ ದಂಡಿನ ಪ್ಲಾಜಾ ಚಿತ್ರಮಂದಿರಕ್ಕೆ ಈ ಭಾಗ್ಯವಿರಲಿಲ್ಲ. 1936ರಲ್ಲಿ ತೆರೆದ ಅದು ನೆಲಸಮವಾಗಿ, ಎಂ.ಜಿ. ರಸ್ತೆಯ ಆ ಜಾಗಕ್ಕೆ ಮೆಟ್ರೊ ಬಂತು. ಉಳಿದಿರುವ ಬಿಆರ್‌ವಿಯನ್ನು ಹೊರಗಿನಿಂದಲಾದರೂ ನೋಡಿಬನ್ನಿ. ಕಾರ್ಡು ಇದ್ದವರು ಅಕ್ಕಿಯನ್ನೂ ತರಬಹುದು.