ಕೆರೆಗೆ ಕರೆದೊಯ್ಯಲು ಒಂದು ಷರತ್ತು

ಅತ್ತಿಗೆ:
ಆಟಿಸಂ ಇರುವ ನಮ್ಮ ಮಗನ ಶಾಲೆಯಿಂದ ಬಂದ ಸುತ್ತೋಲೆಯನ್ನು ಈ ಕುಟುಂಬದ ಗುಂಪಿನಲ್ಲಿ ಮೇಲೆ ಹಾಕಿದ್ದೇನೆ, ಕೊನೆಯ ಸಾಲನ್ನು ದಯವಿಟ್ಟು ಎಲ್ಲರೂ ಓದಿ. ನಾಲ್ಕನೆಯ ತರಗತಿಯವರನ್ನು ಮೈಸೂರಿನ ಕಾರಂಜಿ ಕೆರೆಗೆ ಹಕ್ಕಿ ನೋಡಲು ಕರೆದೊಯ್ಯುತ್ತಾರಂತೆ. ಆದರೆ ‘ವಿಶೇಷ ಅಗತ್ಯವುಳ್ಳ ಮಕ್ಕಳು’ ತಂದೆ ಅಥವಾ ತಾಯಿ ಜೊತೆಗಿದ್ದರೆ ಮಾತ್ರ ಬರಬಹುದಂತೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಮೈಸೂರು ಚಿಕ್ಕಪ್ಪ:
ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಮ್ಮ. ನೀರಿನ ದಂಡೆಯಲ್ಲಿ ನಲವತ್ತು ಮಕ್ಕಳನ್ನು ಇಬ್ಬರು ಶಿಕ್ಷಕರು ನೋಡಿಕೊಳ್ಳುತ್ತಿರುವಾಗ, ಸದ್ದಿಗೆ ಬೆದರಿ ಓಡುವ ಹುಡುಗನ ಹಿಂದೆ ಒಬ್ಬರು ಓಡಿದರೆ ಉಳಿದವರ ಗತಿಯೇನು? ಶಾಲೆ ಬೇಡವೆಂದಿಲ್ಲ, ಜವಾಬ್ದಾರಿ ಹೊರಲು ಒಬ್ಬರನ್ನು ಕೇಳಿದೆ, ಅಷ್ಟೆ.

ದಾವಣಗೆರೆ ಭಾವ:
ಈ ವಿಡಿಯೋ ನೋಡಿ. ಮಣ್ಣಿನಲ್ಲಿ ಬರಿಗಾಲಲ್ಲಿ ಓಡಾಡಿಸಿದರೆ ಆಟಿಸಂ ತಾನಾಗಿಯೇ ಇಳಿಯುತ್ತದೆಂದು ಹೇಳಿದ್ದಾರೆ. ಶಾಲೆಯವರ ಗೊಡವೆ ಬಿಟ್ಟು ರಜೆಯಲ್ಲಿ ನಮ್ಮ ತೋಟಕ್ಕೆ ಕಳುಹಿಸಿ.

ಶಿರಸಿ ಅಕ್ಕ:
ಭಾವ, ಆ ವಿಡಿಯೋವನ್ನು ಇನ್ಯಾರಿಗೂ ಕಳುಹಿಸಬೇಡಿ. ಇಳಿಯಲು ಆಟಿಸಂ ಜ್ವರವಲ್ಲ, ಮೆದುಳಿನ ಬೆಳವಣಿಗೆಯಲ್ಲೇ ಇರುವ ಭಿನ್ನತೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಟೇಲರ್ ಮತ್ತು ಕುವೊ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಉದ್ಯಾನದಲ್ಲಿ 20 ನಿಮಿಷ ನಡೆದ ಮೇಲೆ ಏಕಾಗ್ರತೆ ಹೆಚ್ಚಿದ್ದು ನಿಜ. ಆದರೆ ಅಲ್ಲಿದ್ದವರು 17 ಮಕ್ಕಳು, ಅದು ಆಟಿಸಂ ಕುರಿತದ್ದೂ ಅಲ್ಲ. ಅಷ್ಟಕ್ಕೂ ಉಳಿದ ಮಕ್ಕಳು ಯಾವ ಕಾಯಿಲೆ ವಾಸಿಯಾಗಲೆಂದು ಹಕ್ಕಿ ನೋಡಲು ಹೋಗುತ್ತಿದ್ದಾರೆ?

ಚಿಕ್ಕಪ್ಪ, ಮುಂದೇನಾಗುತ್ತದೆಂದು ತಿಳಿಯದಿದ್ದಾಗ ಇಂಥ ಮಕ್ಕಳಿಗೆ ಗಾಬರಿ ಹೆಚ್ಚು. ನಮ್ಮಲ್ಲಿ ಇಂಥ ಮಕ್ಕಳನ್ನು ಹೊರಗೆ ಕರೆದೊಯ್ಯುವಾಗ ಹಿಂದಿನ ದಿನವೇ ಬಸ್ಸು, ಗೇಟು, ಮರ, ಊಟ, ಮನೆ ಎಂದು ಚಿತ್ರದ ಕಾರ್ಡುಗಳನ್ನು ಕ್ರಮವಾಗಿ ತೋರಿಸುತ್ತೇವೆ, ಜನ ಕಡಿಮೆಯಿರುವ ಬೆಳಗಿನ ಹೊತ್ತಿಗೆ ಹೊರಡುತ್ತೇವೆ, ಸೀಟಿ ಊದುವುದಿಲ್ಲ. ಹೋದ ಸಲ ಒಬ್ಬ ಹುಡುಗ ಎಳೆಯ ತೇಗದ ಎಲೆಯನ್ನು ಅಂಗೈಯಲ್ಲಿ ತಿಕ್ಕಿ, ಕೆಂಪು ಬಣ್ಣ ಬಂದದ್ದನ್ನು ಕಂಡು, ಹೊರಡುವವರೆಗೂ ಅದನ್ನೇ ಮಾಡುತ್ತ ಕುಳಿತಿದ್ದ. ಒಂದು ಹಕ್ಕಿಯನ್ನೂ ನೋಡಲಿಲ್ಲ, ನಾವೂ ಒತ್ತಾಯಿಸಲಿಲ್ಲ.

ಮಾನ್ಯತೆ ಪಡೆದ ಶಾಲೆಗಳಲ್ಲಿ ಆಟ ಮತ್ತು ಮನರಂಜನೆಯ ಅವಕಾಶ ಎಲ್ಲರಿಗೂ ಸಮನಾಗಿರಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೆಯ ಸೆಕ್ಷನ್ ಹೇಳುತ್ತದೆ.

ಮೈಸೂರು ಚಿಕ್ಕಪ್ಪ:
ಅದೇ ಸೆಕ್ಷನ್ ಸರ್ಕಾರ ಅದಕ್ಕಾಗಿ ‘ಪ್ರಯತ್ನಿಸಬೇಕು’ ಎಂದಷ್ಟೇ ಹೇಳುತ್ತದೆ. ಶಾಲೆಯ ವಕೀಲರು ಹಿಡಿದುಕೊಳ್ಳುವುದೇ ಆ ಪದವನ್ನು.

ಅತ್ತಿಗೆ:
ಇನ್ನೊಬ್ಬರು ಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಮಾವ. ಆದರೆ ಆ ಇನ್ನೊಬ್ಬರು ಶಾಲೆಯ ಆಯಾ ಏಕಾಗಬಾರದು? ಅಮ್ಮ ಪಕ್ಕದಲ್ಲಿ ಅಂಟಿಕೊಂಡಿದ್ದರೆ ಅವನ ಹತ್ತಿರ ಬೇರೆ ಮಕ್ಕಳು ಸುಳಿಯುವುದಿಲ್ಲ, ಹುಟ್ಟುಹಬ್ಬಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ರಜೆ ಹಾಕಲಾಗದ ಕೂಲಿಯವರ ಮಗುವಾಗಿದ್ದರೆ ಅದು ಮನೆಯಲ್ಲೇ ಉಳಿಯಬೇಕಲ್ಲವೇ?

ಮೈಸೂರು ಚಿಕ್ಕಪ್ಪ:
ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ಆದರೆ ದಂಡೆಯ ವಿಷಯದಲ್ಲಿ ನನ್ನ ಭಯ ಹೋಗಿಲ್ಲ. ಪತ್ರ ಬರೆಯುವುದಾದರೆ ಮೊದಲು ಆಯಾಳನ್ನು ಕೇಳು, ಚಿತ್ರದ ಕಾರ್ಡುಗಳನ್ನು ನೀವೇ ಮಾಡಿಕೊಡುವುದಾಗಿ ತಿಳಿಸು, ಕಾಯ್ದೆಯ ಮಾತು ಎರಡನೆಯ ಪ್ಯಾರಾಕ್ಕಿರಲಿ. ಕರಡನ್ನು ಗುಂಪಿನಲ್ಲಿ ಹಾಕದೆ ನನಗೊಬ್ಬನಿಗೇ ಕಳುಹಿಸು, ತಿದ್ದಿಕೊಡುತ್ತೇನೆ.